ಮರಳಿ ಹೋಗುತ್ತೀರಿ ಎನ್ನುವುದಕ್ಕೆ ಪುರಾವೆ ಏನು?

ಅಮೆರಿಕದ ಡೆಟ್ರಾಯಿಟನ್ನೂ ಕೆನಡಾದ ವಿಂಡ್ಸರನ್ನೂ ಜೋಡಿಸುವ ಅಂಬಾಸಡರ್ ಸೇತುವೆ 1929ರಿಂದ ಓಡಾಟಕ್ಕೆ ತೆರೆದಿದೆ. ಕೆನಡಾದ ಪಾಸ್‌ಪೋರ್ಟ್ ಇದ್ದವರು ಅದನ್ನು ದಾಟಿ ನೆಂಟರನ್ನು ನೋಡಿ ಬರಲು ವೀಸಾ ಬೇಕಿಲ್ಲ. ಆಚೆ ತುದಿಯ ಗೂಡಿನಲ್ಲಿ ಕೂತ ಅಧಿಕಾರಿ ಕೇಳುವುದು ಹೆಚ್ಚಾಗಿ ಮೂರು ಮಾತು: ಎಲ್ಲಿಗೆ, ಯಾರನ್ನು ನೋಡಲು, ಎಷ್ಟು ದಿನ. ಎರಡನೆಯದಕ್ಕೆ "ಅಕ್ಕನನ್ನು" ಎಂದರೆ ಕಾರು ಮುಂದಕ್ಕೆ ಹೋಗುತ್ತದೆ. "ಗಂಡನನ್ನು" ಎಂದರೆ ವಿಚಾರಣೆ ಬೆಳೆಯುತ್ತದೆ. ಕೆಲಸ ಎಲ್ಲಿ, ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಕಳೆದ ಸಲ ಎಷ್ಟು ದಿನ ಇದ್ದಿರಿ, ಈ ಸಲ ವಾಪಸು ಹೋಗುತ್ತೀರೆಂದು ಹೇಗೆ ನಂಬುವುದು? ಟೊರಾಂಟೊ, ವ್ಯಾಂಕೂವರ್, ಮಾಂಟ್ರಿಯಲ್ ವಿಮಾನ ನಿಲ್ದಾಣಗಳಲ್ಲಿ ಅಮೆರಿಕದ ಅಧಿಕಾರಿಗಳು ಕೆನಡಾದ ನೆಲದಲ್ಲೇ ತಪಾಸಣೆ ಮುಗಿಸುವುದರಿಂದ ಅಲ್ಲಿ ಇದೇ ಪ್ರಶ್ನೋತ್ತರ ವಿಮಾನ ಹತ್ತುವ ಮೊದಲೇ ನಡೆದುಹೋಗುತ್ತದೆ.

ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದರಲ್ಲಿ. ಕಾಯಂ ವಲಸೆಯ ಅರ್ಜಿ ಹಾಕಿಯಾಗಿದೆ, ಅದು ಇನ್ನೂ ಕಡತದಲ್ಲಿದೆ. ಈ ನಡುವೆ ಒಬ್ಬರನ್ನೊಬ್ಬರು ನೋಡಿ ಬರಬೇಕು. ಇಷ್ಟು ಸರಳವಾದ ಸಂಗತಿ ಇವತ್ತಿನ ವಲಸೆ ಕಾನೂನುಗಳಲ್ಲಿ ಬಹಳ ತೊಡಕಿನದಾಗಿದೆ. ಇದನ್ನು ಹಲವು ದೇಶಗಳ ಕಾನೂನಿನಲ್ಲಿ ಹುಡುಕುತ್ತಾ ಹೋದರೆ ಕಾಣುವುದು ಇದು: ತಾತ್ಕಾಲಿಕ ಭೇಟಿಗೆ ಬಂದವರನ್ನು ಶಂಕಿಸುವುದು ರಾಜ್ಯಗಳಿಗೆ ಅನಿವಾರ್ಯವೇನಲ್ಲ. ಯಾರನ್ನು ಶಂಕಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಅವು ಆರಿಸಿಕೊಂಡಿವೆ. ಆ ಆಯ್ಕೆಯಲ್ಲಿ ಮದುವೆಯಾದವರು ಹಿಂದೆ ಬಿದ್ದಿದ್ದಾರೆ.

ಅಮೆರಿಕದ ಮಟ್ಟಿಗೆ ಇದರ ಬೇರು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯಲ್ಲಿದೆ. ಅಧ್ಯಕ್ಷ ಟ್ರೂಮನ್ ವೀಟೊ ಚಲಾಯಿಸಿದರೂ ಕಾಂಗ್ರೆಸ್ ಅದನ್ನು ಮೀರಿ ಅಂಗೀಕರಿಸಿದ ಕಾಯ್ದೆ ಅದು. ಅದರ 214(ಬಿ) ಕಲಮಿನ ಪ್ರಕಾರ ಬಾಗಿಲಿಗೆ ಬಂದ ಪರದೇಶಿ ನೆಲೆಸಲೆಂದೇ ಬಂದವನು ಎಂದು ಮೊದಲೇ ಭಾವಿಸತಕ್ಕದ್ದು. ಹಾಗಲ್ಲವೆಂದು ಅಧಿಕಾರಿಗೆ ತೃಪ್ತಿಯಾಗುವಂತೆ ತೋರಿಸುವ ಹೊಣೆ ಬಂದವನದು. ಪ್ರವಾಸಿ ವೀಸಾ ಬೇಕಾದವರಿಗೆ ಬಿಟ್ಟುಬಿಡುವ ಇರಾದೆಯಿಲ್ಲದ ಮನೆಯೊಂದು ಪರದೇಶದಲ್ಲಿರಬೇಕೆಂದು ಇನ್ನೊಂದು ಕಲಂ ಹೇಳುತ್ತದೆ. ಇಷ್ಟೇ. ಊರಿನ ನಂಟನ್ನು ಯಾವ ಕಾಗದದಿಂದ ಸಾಬೀತು ಮಾಡಬೇಕು, ಯಾವುದಕ್ಕೆ ಎಷ್ಟು ತೂಕ ಎಂಬ ಪಟ್ಟಿಯನ್ನು ಕಾಯ್ದೆ ಕೊಡುವುದಿಲ್ಲ. ನೌಕರಿ, ಮನೆಮಾರು, ಹಣಕಾಸು, ಓದು, ಸಂಸಾರ ಎಂಬ ಲೆಕ್ಕ ಕಚೇರಿಗಳ ರೂಢಿಯಲ್ಲಿ ಬೆಳೆದುಬಂದದ್ದು. ಸಾಬೀತು ಮಾಡಬೇಕಾದದ್ದು ಇನ್ನೂ ನಡೆಯದ ಸಂಗತಿ, ಮುಂದಿನ ತಿಂಗಳಿನ ಮನಸ್ಸು. ಅದಕ್ಕೆ ನೇರ ಪುರಾವೆ ಎಂಬುದೇ ಇಲ್ಲ. ಇರುವುದೆಲ್ಲ ಊಹೆಗೆ ಆಧಾರ.

ಈ ಲೆಕ್ಕದಲ್ಲಿ ಸಂಸಾರಕ್ಕೆ ದೊಡ್ಡ ಬೆಲೆಯಿದೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಹೊರಟವನು ಮರಳುತ್ತಾನೆ ಎಂದು ಅಧಿಕಾರಿ ನಂಬುತ್ತಾನೆ. ಹೊರಟಿರುವುದೇ ಹೆಂಡತಿಯ ಬಳಿಗೆ ಎಂದಾಗ ಅದೇ ನಂಟು ತಿರುಗಿ ನಿಲ್ಲುತ್ತದೆ. ಎಲ್ಲಕ್ಕಿಂತ ಭಾರದ ಬಟ್ಟು ಎದುರು ತಟ್ಟೆಗೆ ಬಿದ್ದ ಮೇಲೆ ಈಚೆ ತಟ್ಟೆಯಲ್ಲಿ ಸಂಬಳದ ಚೀಟಿ, ಕರೆಂಟ್ ಬಿಲ್ಲು ಎಷ್ಟು ಹಾಕಿದರೆ ಸರಿದೂಗೀತು?

ಆದರೂ ಹಾಕುತ್ತಾರೆ, ಎಷ್ಟೋ ಸಲ ದಾಟಿಯೂ ಹೋಗುತ್ತಾರೆ. ಸರಹದ್ದಿನ ಎರಡೂ ಕಡೆ ಮದುವೆಯಾದವರು ಒಬ್ಬರಿಗೊಬ್ಬರು ಹೇಳಿಕೊಡುವ ಕಡತ ಹೆಚ್ಚುಕಡಿಮೆ ಒಂದೇ ಥರದ್ದು. ಅದರಲ್ಲಿ ಮೊದಲ ಸ್ಥಾನ ಮಾಲೀಕರ ಪತ್ರಕ್ಕೆ: ಇಂಥವರು ಇಂಥ ದಿನದಿಂದ ರಜೆಯಲ್ಲಿದ್ದಾರೆ, ಇಂಥ ದಿನ ಕೆಲಸಕ್ಕೆ ಹಾಜರಾಗಬೇಕು. ಒಬ್ಬ ಮೂರನೆಯವನು ತಾರೀಕು ಹಾಕಿ ನಮ್ಮನ್ನು ಕಾಯುತ್ತಿದ್ದಾನೆ ಎಂಬುದನ್ನು ಹೇಳುವ ಕಾಗದ ಅದೊಂದೇ. ಆಮೇಲೆ ಬಾಡಿಗೆ ಕರಾರು ಅಥವಾ ಮನೆ ಸಾಲದ ಪತ್ರ, ಆಸ್ತಿ ತೆರಿಗೆ ರಸೀದಿ, ಈಚಿನ ಸಂಬಳದ ಚೀಟಿಗಳು, ಕಾಲೇಜಿನ ಮುಂದಿನ ಸೆಮಿಸ್ಟರಿನ ನೋಂದಣಿ. ಮರಳುವ ಟಿಕೆಟ್ ಇರಲೇಬೇಕು, ಆದರೆ ಅದರ ಬೆಲೆ ಕಡಿಮೆ, ಯಾರು ಬೇಕಾದರೂ ಕೊಂಡು ಎಸೆಯಬಹುದಾದ ಕಾಗದ ಅದು. ಬ್ಯಾಂಕಿನಲ್ಲಿರುವ ಹಣಕ್ಕೆ ಎರಡು ಬಾಯಿ: ನೌಕರಿಯ ಜೊತೆಗಿದ್ದರೆ ಗೌರವ, ನೌಕರಿಯಿಲ್ಲದೆ ದೊಡ್ಡ ಮೊತ್ತ ಇದ್ದರೆ ಬಹಳ ದಿನ ಉಳಿಯುವ ಸಿದ್ಧತೆ ಎಂಬ ಗುಮಾನಿ. ಒಂಟಾರಿಯೊದವರಿಗೆ ಇನ್ನೊಂದು ಉಪಯೋಗದ ಸಂಗತಿಯಿದೆ. ಆ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆ ಉಳಿಯಬೇಕಾದರೆ 12 ತಿಂಗಳಲ್ಲಿ 153 ದಿನ ಪ್ರಾಂತ್ಯದೊಳಗೆ ಇರಬೇಕು. ಪುಕ್ಕಟೆ ವೈದ್ಯಕೀಯ ಬಿಟ್ಟು ಅಮೆರಿಕದ ಆಸ್ಪತ್ರೆ ಬಿಲ್ಲಿಗೆ ಯಾರೂ ಸುಮ್ಮನೆ ತಲೆಕೊಡುವುದಿಲ್ಲವೆಂಬುದು ಗೂಡಿನಲ್ಲಿ ಕೂತವರಿಗೂ ಗೊತ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಅಮೆರಿಕದಲ್ಲಿರುವ ಸಂಗಾತಿ ಕಾಯಂ ವಲಸೆಗೆಂದು ಹಾಕಿದ ಐ-130 ಅರ್ಜಿಯ ರಸೀದಿಯನ್ನು ಬಚ್ಚಿಡಬೇಕು, ಅದನ್ನು ಕಂಡರೆ ವಲಸೆಯ ಉದ್ದೇಶ ತಾನಾಗಿ ಸಾಬೀತಾಗುತ್ತದೆ ಎಂಬ ಮಾತು. ಅರ್ಜಿ ಸರ್ಕಾರದ ಕಂಪ್ಯೂಟರಿನಲ್ಲೇ ಇರುವಾಗ ಬಚ್ಚಿಟ್ಟು ಪ್ರಯೋಜನವಿಲ್ಲ ಎಂಬುದು ಹಾಗಿರಲಿ. ಆ ರಸೀದಿ ಅರ್ಜಿದಾರರ ಪರವಾಗಿಯೇ ಮಾತಾಡಬಲ್ಲದು. ಇವರು ನೇರ ದಾರಿಯಲ್ಲಿ ಸಾಲಿನಲ್ಲಿ ನಿಂತಿದ್ದಾರೆ, ಈ ಸಲ ನಿಯಮ ಮುರಿದರೆ ಕಳೆದುಕೊಳ್ಳುವುದು ಬಹಳವಿದೆ ಎಂದು ಅದು ಹೇಳುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆಯ ಕೈಪಿಡಿ ಸಹ ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಇದ್ದವರ ಸಂಗಾತಿ ತಾತ್ಕಾಲಿಕ ಭೇಟಿಗೆ ಪ್ರವಾಸಿ ವೀಸಾ ಪಡೆಯುವುದನ್ನು ತಡೆದಿಲ್ಲ. ಮುಂದೊಂದು ದಿನ ನೆಲೆಸುವ ಆಸೆ ಬೇರೆ, ಈ ಭೇಟಿಯಲ್ಲೇ ನೆಲೆಸಿಬಿಡುವ ಉದ್ದೇಶ ಬೇರೆ. ಕಾಗದದ ಮೇಲೆ ಈ ಭೇದ ಸ್ಪಷ್ಟವಾಗಿದೆ. ಹಿಂದೆ ಕಾರುಗಳ ಸಾಲು ಬೆಳೆಯುತ್ತಿರುವಾಗ ಅದನ್ನು ವಿಂಗಡಿಸುವ ಪುರುಸೊತ್ತು ಎಲ್ಲ ಅಧಿಕಾರಿಗೂ ಇರುವುದಿಲ್ಲ.

ಕಾಗದಕ್ಕಿಂತ ಡಿಕ್ಕಿ ಹೆಚ್ಚು ಮಾತಾಡುತ್ತದೆ. ಜುಲೈ ತಿಂಗಳಲ್ಲಿ ಎರಡು ವಾರಕ್ಕೆಂದು ಹೊರಟವರ ಸಾಮಾನಿನಲ್ಲಿ ಹಿಮಗಾಲದ ಕೋಟು, ಪದವಿ ಪ್ರಮಾಣಪತ್ರ, ಬಯೋಡೇಟಾ, ಬೆಕ್ಕಿನ ಲಸಿಕೆ ಚೀಟಿ ಸಿಕ್ಕಿದರೆ ಮಾಲೀಕರ ಪತ್ರವನ್ನು ಯಾರೂ ಓದುವುದಿಲ್ಲ. ಸರಹದ್ದಿನಲ್ಲಿ ಫೋನನ್ನೂ ತೆರೆದು ನೋಡುವ ಅಧಿಕಾರ ಅವರಿಗಿದೆ. "ಇನ್ನು ಮೇಲೆ ಒಟ್ಟಿಗೇ ಇರೋಣ" ಎಂದು ಪ್ರೀತಿಯಿಂದ ಕಳಿಸಿದ ಸಂದೇಶ ಅಲ್ಲಿ ಸಾಕ್ಷಿಯಾಗುತ್ತದೆ. ಗಂಡನ ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು ಕೆನಡಾದ ಕಂಪನಿಗೆ ದುಡಿಯುತ್ತೇನೆ ಎಂದರೆ ಇನ್ನೊಂದು ತೊಡಕು: ಕೆಲಸಕ್ಕೆ ಎಲ್ಲಿಂದಾದರೂ ಹಾಜರಾಗಬಹುದಾದರೆ ಆ ನೌಕರಿ ಊರಿಗೆ ಕಟ್ಟಿದ ಹಗ್ಗವಾಗಿ ಉಳಿಯುವುದಿಲ್ಲ.

ದಿನಗಳ ಲೆಕ್ಕವೂ ಹೀಗೆಯೇ. ಕೆನಡಾದವರನ್ನು ಸಾಮಾನ್ಯವಾಗಿ ಆರು ತಿಂಗಳಿಗೆ ಒಳಬಿಡುತ್ತಾರೆ. ಅದನ್ನು ನಂಬಿ ಐದು ತಿಂಗಳಿದ್ದು, ಹದಿನೈದು ದಿನ ಊರಿಗೆ ಬಂದು, ಮತ್ತೆ ಐದು ತಿಂಗಳಿಗೆ ಹೊರಟವರಿಗೆ ಅಧಿಕಾರಿ ಹೇಳುವುದು ಒಂದೇ: ನೀವು ಅಮೆರಿಕದಲ್ಲಿ ವಾಸವಾಗಿದ್ದೀರಿ, ಕೆನಡಾಕ್ಕೆ ಭೇಟಿ ಕೊಡುತ್ತಿದ್ದೀರಿ. ಹಿಂದೆ ನೆಲದ ದಾರಿಯಲ್ಲಿ ಹೋದವರು ಯಾವಾಗ ಮರಳಿದರೆಂದು ಖಚಿತವಾಗಿ ಗೊತ್ತಾಗುತ್ತಿರಲಿಲ್ಲ. ಈಗ ಎರಡು ದೇಶಗಳೂ ಮಾಹಿತಿ ಹಂಚಿಕೊಳ್ಳುತ್ತವೆ. ಒಂದರ ಪ್ರವೇಶವೇ ಇನ್ನೊಂದರ ನಿರ್ಗಮನದ ದಾಖಲೆ. 2019ರಿಂದ ಸ್ವಂತ ಪ್ರಜೆಗಳ ಓಡಾಟವೂ ಈ ಲೆಕ್ಕಕ್ಕೆ ಸೇರಿದೆ. ಇದು ಕೆಟ್ಟದ್ದೇ ಎನ್ನಬೇಕಾಗಿಲ್ಲ. ಹೇಳಿದ ದಿನ ಮರಳಿದವರ ಪರವಾಗಿ ಯಂತ್ರವೇ ಸಾಕ್ಷಿ ಹೇಳುತ್ತದೆ, ಎರಡು ಮೂರು ಸಲ ಸಣ್ಣ ಭೇಟಿ ಮುಗಿಸಿ ಸಕಾಲಕ್ಕೆ ಬಂದ ದಾಖಲೆಗಿಂತ ಒಳ್ಳೆಯ ಪುರಾವೆ ಇಲ್ಲ. ಆದರೆ ಮೊದಲ ಸಲ ಹೋಗುವವರ ಬಳಿ ಅದೂ ಇರುವುದಿಲ್ಲ.

ತೃಪ್ತಿಯಾಗದಿದ್ದರೆ ಏನಾಗುತ್ತದೆ? ಒಳಗಿನ ಕೋಣೆಗೆ ಕರೆಯುತ್ತಾರೆ, ಬೆರಳಚ್ಚು, ಫೋಟೋ, ಪ್ರಮಾಣ ಮಾಡಿಸಿ ಹೇಳಿಕೆ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ದಯೆ ತೋರಿದರೆ ಪ್ರವೇಶದ ಕೋರಿಕೆಯನ್ನು ತಾವಾಗಿಯೇ ಹಿಂತೆಗೆದುಕೊಳ್ಳಲು ಬಿಡುತ್ತಾರೆ. ನಿಷೇಧವಿಲ್ಲ, ಆದರೆ ದಾಖಲೆ ಉಳಿಯುತ್ತದೆ, ಮುಂದಿನ ಸಲ ಪುರಾವೆಯ ಭಾರ ಇಮ್ಮಡಿ. ದಯೆ ತೋರದಿದ್ದರೆ 1996ರ ಕಾನೂನು ಕೊಟ್ಟ ಶೀಘ್ರ ಹೊರಹಾಕುವಿಕೆ. ಅದನ್ನು ನ್ಯಾಯಾಧೀಶರ ಮುಂದೆ ತರಬೇಕಾಗಿಲ್ಲ, ಐದು ವರ್ಷ ಪ್ರವೇಶವಿಲ್ಲ. ಸುಳ್ಳು ಹೇಳಿದ್ದು ಸಾಬೀತಾದರೆ ವಿನಾಯಿತಿ ಸಿಗದ ಹೊರತು ಜೀವನಪರ್ಯಂತ ನಿರ್ಬಂಧ. "ಗಂಡನೆಂದು ಹೇಳಬೇಡ, ಸ್ನೇಹಿತ ಎನ್ನು" ಎಂದು ಬುದ್ಧಿ ಹೇಳುವ ಹಿತೈಷಿಗಳಿಗೆ ಇದು ತಿಳಿದಿರಬೇಕು. ಮದುವೆಯೇ ಆಧಾರವಾಗಿರುವ ಅರ್ಜಿಯೊಂದು ಕಚೇರಿಯಲ್ಲಿರುವಾಗ ಸರಹದ್ದಿನಲ್ಲಿ ಅದೇ ಮದುವೆಯನ್ನು ಅಲ್ಲಗಳೆದರೆ ಮುಂದಿನದೆಲ್ಲ ಕೈತಪ್ಪುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಶಂಕೆಗೆ ಆಧಾರವೇ ಇಲ್ಲವೆನ್ನಲು ಬರುವುದಿಲ್ಲ. ಭೇಟಿಗೆಂದು ಬಂದು ಉಳಿದುಬಿಟ್ಟವರು ಇದ್ದಾರೆ, ಅವರಿಗೆ ಕಾನೂನು ಸಾಕಷ್ಟು ಉದಾರವೂ ಆಗಿದೆ. ಅಮೆರಿಕದ ಪ್ರಜೆಯ ಸಂಗಾತಿ ಒಮ್ಮೆ ಸಕ್ರಮವಾಗಿ ಒಳಬಂದರೆ, ಆಮೇಲೆ ಅವಧಿ ಮೀರಿ ಉಳಿದಿದ್ದರೂ, ದೇಶದೊಳಗಿಂದಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಸುಳ್ಳು ಹೇಳಿರದಿದ್ದರೆ, ಬರುವಾಗಲೇ ನೆಲೆಸುವ ಮನಸ್ಸಿತ್ತು ಎಂಬುದೊಂದನ್ನೇ ಹಿಡಿದು ಅರ್ಜಿ ತಳ್ಳಿಹಾಕುವುದು ಸಾಮಾನ್ಯವಾಗಿ ತರವಲ್ಲವೆಂದು ವಲಸೆ ಮೇಲ್ಮನವಿ ಮಂಡಳಿ 1980 ಮತ್ತು 1981ರಲ್ಲಿ ತೀರ್ಮಾನಿಸಿತು. ಪರಿಣಾಮ ವಿಚಿತ್ರ. ಹೇಗೋ ಒಳಗೆ ಕಾಲಿಟ್ಟು ಉಳಿದವರು ಅರ್ಜಿ ಇತ್ಯರ್ಥವಾಗುವವರೆಗೆ ಸಂಗಾತಿಯ ಮನೆಯಲ್ಲೇ ಇರುತ್ತಾರೆ. ನಿಯಮದಂತೆ ಹೊರಗಿದ್ದು ಕಾಯುವವರು ಕಾಯುತ್ತಲೇ ಇರುತ್ತಾರೆ, ನಡುವೆ ನೋಡಿ ಬರಲು ಹೊರಟರೆ ಮೊದಲಿನವರ ಮೇಲಿನ ಗುಮಾನಿ ಇವರ ಮೇಲೆ ಬೀಳುತ್ತದೆ. ಕೆನಡಾದಿಂದ ವಲಸೆ ವೀಸಾ ಬೇಕಾದವರೆಲ್ಲ ಎಲ್ಲೇ ಇರಲಿ, ಸಂದರ್ಶನಕ್ಕೆ ಮಾಂಟ್ರಿಯಲ್‌ನ ಒಂದೇ ಕಾನ್ಸುಲೇಟಿಗೆ ಹೋಗಬೇಕು. ಕಾಯುವ ಕಾಲ ಮೂರು ತಿಂಗಳಾಗಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ. ಅರ್ಜಿಯ ಎಲ್ಲ ಹಂತ ಸೇರಿ ವರ್ಷ ದಾಟುವುದರಿಂದಲೇ ಭೇಟಿಯ ಪ್ರಶ್ನೆ ಏಳುತ್ತದೆ.

ಕರ್ನಾಟಕಕ್ಕೆ ಈ ಕಥೆ ಎರಡು ಬಾಗಿಲಿನಿಂದ ಬರುತ್ತದೆ. ಒಂದು, ಇದೇ ಸೇತುವೆಯ ಮೇಲಿಂದ. ಮಿಷಿಗನ್‌ನಲ್ಲಿ ಪಂಪ ಕನ್ನಡ ಕೂಟವಿದೆ, ಟೊರಾಂಟೊದಲ್ಲಿ ಕನ್ನಡ ಸಂಘವಿದೆ. ಆ ಕಡೆಯ ಹುಡುಗ, ಈ ಕಡೆಯ ಹುಡುಗಿ ಎಂಬ ಸಂಬಂಧಗಳು ಅಪರೂಪವೇನಲ್ಲ. ಹುಡುಗಿ ಕೆನಡಾದ ಪ್ರಜೆಯಾಗಿದ್ದರೆ ಮೇಲೆ ಹೇಳಿದ್ದು ಅನ್ವಯ. ಅವಳು ಕೆನಡಾದ ಕಾಯಂ ನಿವಾಸಿಯಾಗಿದ್ದೂ ಪಾಸ್‌ಪೋರ್ಟ್ ಭಾರತದ್ದಾಗಿದ್ದರೆ? ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಾಗಿದ್ದು ಕೆನಡಾದಲ್ಲಿ ನೆಲೆಸಿದವರಿಗೆ ಅಮೆರಿಕ ಒಂದು ಕಾಲದಲ್ಲಿ ವೀಸಾ ಕೇಳುತ್ತಿರಲಿಲ್ಲ. 2001ರ ದಾಳಿಯ ನಂತರದ ಬಿಗಿಯಲ್ಲಿ, 2003ರಲ್ಲಿ ಆ ಸೌಲಭ್ಯ ಹೋಯಿತು. ಈಗ ಅವಳು ಮೊದಲು ಕಾನ್ಸುಲೇಟಿನಲ್ಲಿ, ಆಮೇಲೆ ಸರಹದ್ದಿನಲ್ಲಿ, ಹೀಗೆ ಎರಡೆರಡು ಸಲ ಅದೇ ಪರೀಕ್ಷೆ ಬರೆಯಬೇಕು.

ಎರಡನೆಯ ಬಾಗಿಲು ಚೆನ್ನೈಯದು, ಇಲ್ಲವೇ ಹೈದರಾಬಾದಿನದು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ವೀಸಾ ಕೆಲಸ ಅಲ್ಲಿ ಶುರುವಾಗಲಿಲ್ಲ. ಗ್ರೀನ್ ಕಾರ್ಡ್ ಹುಡುಗನನ್ನು ಮದುವೆಯಾದ ಶಿವಮೊಗ್ಗದ ಅಥವಾ ಧಾರವಾಡದ ಹುಡುಗಿ ಪ್ರವಾಸಿ ವೀಸಾಕ್ಕೆ ಹೊರಟರೆ ಮನೆಯವರು ಒಂದು ದಪ್ಪ ಫೈಲು ಕಟ್ಟುತ್ತಾರೆ. ಪಹಣಿ, ಮನೆಯ ಖಾತಾ, ತಂದೆಯ ಆದಾಯ ತೆರಿಗೆ ರಿಟರ್ನ್, ಚಾರ್ಟರ್ಡ್ ಅಕೌಂಟೆಂಟ್ ಬರೆದುಕೊಟ್ಟ ಆಸ್ತಿ ಮೌಲ್ಯದ ಪತ್ರ. ತೋಟ ಹತ್ತೆಕರೆ ಇರಬಹುದು, ಪಹಣಿಯಲ್ಲಿರುವುದು ಅಜ್ಜನ ಹೆಸರು, ಪಾಲಾಗಿಲ್ಲ. 1994ರ ಕರ್ನಾಟಕದ ತಿದ್ದುಪಡಿಯಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಹಕ್ಕು ಬಂದಿದ್ದರೂ ಕಾಗದದಲ್ಲಿ ಅವಳ ಹೆಸರು ಬಂದಿರುವುದು ಅಪರೂಪ. ಮದುವೆ ಗೊತ್ತಾದ ಮೇಲೆ ನೌಕರಿ ಬಿಡಿಸಿರುತ್ತಾರೆ. ಕಿಟಕಿಯ ಆಚೆಗಿರುವ ಅಧಿಕಾರಿ ಫೈಲನ್ನು ಮುಟ್ಟದೆ ಎರಡು ಮೂರು ಪ್ರಶ್ನೆ ಕೇಳಿ 214(ಬಿ) ಚೀಟಿ ಕೊಡುತ್ತಾನೆ. ಅವನ ಕಣ್ಣಿಗೆ ಅವಳಿಗೆ ಊರಿನ ನಂಟೆಂಬುದೇ ಇಲ್ಲ. ಹುಟ್ಟಿ ಬೆಳೆದ ಬೀದಿ, ಅಪ್ಪ ಅಮ್ಮ, ಭಾಷೆ ಇವು ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ನೋಂದಣಿಯಾಗುವಂಥವಲ್ಲ. ಈ ಪರೀಕ್ಷೆ ಅಳೆಯುವುದು ಆಸ್ತಿ ಸಂಬಳಗಳನ್ನು. ಅವು ಗಂಡಸರ ಹೆಸರಿನಲ್ಲಿರುವ ಸಮಾಜಗಳಲ್ಲಿ ಅದು ಹೆಂಗಸರನ್ನು ಸೋಲಿಸುತ್ತದೆ. ನಿಯಮದಲ್ಲಿ ಹೆಣ್ಣು ಗಂಡೆಂಬ ಭೇದ ಬರೆದಿಲ್ಲ, ನಿಜ. ಆದರೆ ನೌಕರಿ ಬಿಟ್ಟು ಕಾಯುವವರು ಯಾರು ಎಂದು ನೋಡಿದರೆ ಬರೆಯಬೇಕಾದ ಅಗತ್ಯವೂ ಕಾಣುವುದಿಲ್ಲ.

ಇನ್ನು ಬೇರೆ ದೇಶಗಳು. ಸೇತುವೆಯ ಈಚೆ ಬದಿಗೇ ಬಂದರೆ, ಕೆನಡಾದ 2001ರ ವಲಸೆ ಕಾಯ್ದೆ ಒಂದು ಒಳ್ಳೆಯ ಮಾತು ಬರೆದಿಟ್ಟಿದೆ: ಮುಂದೆ ಕಾಯಂ ನಿವಾಸಿಯಾಗುವ ಉದ್ದೇಶವಿದೆ ಎಂಬ ಕಾರಣಕ್ಕೇ ತಾತ್ಕಾಲಿಕವಾಗಿ ಬರಲು ಅಡ್ಡಿಯಿಲ್ಲ, ಅವಧಿ ಮುಗಿದಾಗ ಹೊರಡುತ್ತಾರೆಂದು ಅಧಿಕಾರಿಗೆ ಮನವರಿಕೆಯಾದರೆ ಸಾಕು. ಎರಡು ಉದ್ದೇಶ ಒಟ್ಟಿಗಿರಬಹುದೆಂದು ಕಾನೂನೇ ಒಪ್ಪಿಕೊಂಡಂತಾಯಿತು. ಹಾಗಿದ್ದರೂ ಪಂಜಾಬಿನಿಂದಲೋ ಫಿಲಿಪ್ಪೀನ್ಸ್‌ನಿಂದಲೋ ಸಂಗಾತಿಯನ್ನು ನೋಡಲು ಹೊರಟವರಿಗೆ ವೀಸಾ ನಿರಾಕರಣೆ ಸಾಮಾನ್ಯವಾಗಿತ್ತು. 2023ರ ಮೇ ತಿಂಗಳಲ್ಲಿ ಕೆನಡಾ ಸರ್ಕಾರ ಸಂಗಾತಿಯ ಕಾಯಂ ಅರ್ಜಿ ಹಾಕಿದವರ ಭೇಟಿ ವೀಸಾಗಳನ್ನು ಬೇರೆಯಾಗಿ, ಬೇಗ ಪರಿಶೀಲಿಸುವುದಾಗಿ ಪ್ರಕಟಿಸಬೇಕಾಯಿತು. ಒಂದು ಒಳ್ಳೆಯ ವಾಕ್ಯ ಇಪ್ಪತ್ತು ವರ್ಷ ಪುಸ್ತಕದಲ್ಲಿದ್ದರೂ ಕಚೇರಿಯ ಅಭ್ಯಾಸ ಬದಲಾಗಲು ಪ್ರತ್ಯೇಕ ಆದೇಶವೇ ಬೇಕಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಬ್ರಿಟನ್ ಹಿಂದೆ ಸರಿದಿದೆ. ಅಲ್ಲಿ ಕುಟುಂಬದವರನ್ನು ನೋಡಲು ಬರುವವರಿಗೆ ವೀಸಾ ಸಿಗದಿದ್ದರೆ ಪೂರ್ಣ ಮೇಲ್ಮನವಿಯ ಹಕ್ಕಿತ್ತು. 2013ರಲ್ಲಿ ಅದನ್ನು ತೆಗೆದರು. ಇನ್ನೊಂದು ಕಡೆ ಸಂಗಾತಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಬೇಕಾದ ಆದಾಯದ ಮಿತಿ 2012ರಲ್ಲಿ 18,600 ಪೌಂಡ್ ಆಗಿದ್ದದ್ದು 2024ರ ಏಪ್ರಿಲ್‌ನಲ್ಲಿ 29,000 ಪೌಂಡಿಗೆ ಏರಿತು. ಅಷ್ಟು ದುಡಿಯದವರಿಗೆ ಉಳಿಯುವುದು ಭೇಟಿಯೊಂದೇ, ಆ ಭೇಟಿಗಳು ಪದೇ ಪದೇ ಆದರೆ ನೀವು ನಿಜವಾದ ಭೇಟಿಗಾರರಲ್ಲ ಎಂಬ ಆಕ್ಷೇಪ.

ಯುರೋಪಿನದು ಇನ್ನೂ ಸ್ವಾರಸ್ಯ. ಐರೋಪ್ಯ ಒಕ್ಕೂಟದ 2004ರ ಮುಕ್ತ ಸಂಚಾರ ನಿರ್ದೇಶನದ ಪ್ರಕಾರ ಒಂದು ಸದಸ್ಯ ದೇಶದ ಪ್ರಜೆ ಇನ್ನೊಂದು ಸದಸ್ಯ ದೇಶದಲ್ಲಿದ್ದರೆ ಅವರ ಸಂಗಾತಿಗೆ ಬೇಗ, ಶುಲ್ಕವಿಲ್ಲದೆ ವೀಸಾ ಕೊಡಬೇಕು. ಷೆಂಗೆನ್ ವೀಸಾದ ಅರ್ಜಿಯಲ್ಲಿ ಉದ್ಯೋಗ, ಮಾಲೀಕರ ವಿಳಾಸ, ಖರ್ಚಿನ ಮೂಲ ಕೇಳುವ ಕೆಲವು ಅಂಕಣಗಳಿಗೆ ನಕ್ಷತ್ರದ ಗುರುತಿದೆ. ಈ ಸಂಗಾತಿಗಳು ಅವನ್ನು ತುಂಬುವುದೇ ಬೇಡ. ಆದ್ದರಿಂದ ಪ್ಯಾರಿಸ್ಸಿನಲ್ಲಿರುವ ಜರ್ಮನ್ ಗಂಡನನ್ನು ನೋಡಲು ಬೆಂಗಳೂರಿನಿಂದ ಹೊರಟವಳು ಊರಿನ ನಂಟನ್ನು ಸಾಬೀತು ಮಾಡಬೇಕಾಗಿಲ್ಲ. ಅದೇ ಬೀದಿಯಲ್ಲಿರುವ ಫ್ರೆಂಚ್ ಗಂಡ ಎಂದೂ ದೇಶ ಬಿಟ್ಟು ಹೋಗಿಲ್ಲದಿದ್ದರೆ ಅವನ ಹೆಂಡತಿ ಫ್ರಾನ್ಸಿನ ದೇಶೀಯ ನಿಯಮಕ್ಕೆ ಒಳಪಡುತ್ತಾಳೆ, ಈ ನಿರ್ದೇಶನದ ರಕ್ಷಣೆ ಅವಳಿಗಿಲ್ಲ. ಸ್ವಂತ ದೇಶದ ಪ್ರಜೆಗಿಂತ ಪರದೇಶದವನಿಗೆ ಹೆಚ್ಚು ಹಕ್ಕು! ವಿಧಿಯಾಟವಲ್ಲ, ಒಕ್ಕೂಟಕ್ಕೆ ಕಾರ್ಮಿಕರ ಓಡಾಟ ಬೇಕಾಗಿತ್ತು, ಅದಕ್ಕೆ ಅಡ್ಡಬಂದ ಶಂಕೆಯನ್ನು ತೆಗೆದುಹಾಕಿತು.

ಭಾರತ ಪಾಕಿಸ್ತಾನಗಳ ನಡುವೆ ಊರಿನ ನಂಟನ್ನು ಕೇಳುವ ಪರಿ ಬೇರೆ. ಅಲ್ಲಿ ಭಯ ಇರುವುದು ನೆಲೆಸುವ ಬಗ್ಗೆಯಷ್ಟೇ ಅಲ್ಲ, ಬಂದವರು ಯಾರು ಎಂಬುದರ ಬಗ್ಗೆ. ವೀಸಾ ದೇಶಕ್ಕೆ ಸಿಗುತ್ತಿರಲಿಲ್ಲ, ಹೆಸರಿಸಿದ ಊರುಗಳಿಗೆ ಸಿಗುತ್ತಿತ್ತು. 2012ರ ಒಪ್ಪಂದ ಆಚೆ ದೇಶದವರನ್ನು ಮದುವೆಯಾದವರಿಗೆ ಎರಡು ವರ್ಷ ಹಲವು ಸಲ ಓಡಾಡುವ ವೀಸಾಕ್ಕೆ ಅವಕಾಶ ಮಾಡಿತ್ತು. ಕರಾಚಿಯಲ್ಲಿ ನೆಂಟರಿರುವ ಭಟ್ಕಳದ ನವಾಯತ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಗಳ ಬಹುಪಾಲು ವೀಸಾಗಳು ರದ್ದಾಗಿ ಅಟ್ಟಾರಿ ಬಾಗಿಲು ಮುಚ್ಚುವ ಹೊತ್ತಿಗೆ, ತಮ್ಮದೊಂದು ದೇಶದ, ಮಕ್ಕಳದಿನ್ನೊಂದು ದೇಶದ ಪಾಸ್‌ಪೋರ್ಟ್ ಹಿಡಿದ ಹೆಂಗಸರು ಗೇಟಿನ ಮುಂದೆ ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅಲ್ಲಿ ಯಾವ ಮಾಲೀಕರ ಪತ್ರವೂ ಕೆಲಸಕ್ಕೆ ಬರುತ್ತಿರಲಿಲ್ಲ.

ಶಾಂತಿ ಕಾಲದ ಸರಹದ್ದೂ ಒಮ್ಮೆ ಹೀಗೇ ಮುಚ್ಚಿಕೊಂಡಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಅಮೆರಿಕ ಕೆನಡಾ ನೆಲದ ದಾರಿಗಳು ನಿಂತಾಗ, ವಾಷಿಂಗ್ಟನ್ ರಾಜ್ಯದ ಬ್ಲೇನ್ ಬಳಿಯ ಪೀಸ್ ಆರ್ಚ್ ಉದ್ಯಾನದಲ್ಲಿ ಎರಡೂ ದೇಶದವರು ಕೂಡಬಹುದಾಗಿತ್ತು. ದಂಪತಿಗಳು ಹುಲ್ಲಿನ ಮೇಲೆ ಡೇರೆ ಹಾಕಿ ಕೂತರು, ಮದುವೆಗಳೂ ನಡೆದವು. ಆ ವರ್ಷದ ಅಕ್ಟೋಬರಿನಲ್ಲಿ ಕೆನಡಾ, ಮದುವೆಯಾಗದಿದ್ದರೂ ಒಂದು ವರ್ಷದಿಂದ ಜೊತೆಯಾಗಿರುವ ಸಂಗಾತಿಗಳಿಗೆ ಪ್ರವೇಶ ಕೊಟ್ಟಿತು, ಪ್ರಮಾಣಪತ್ರ ಮಾಡಿಸಿ ತರಬೇಕು ಎಂಬ ಷರತ್ತಿನೊಂದಿಗೆ. ಊರಿನ ನಂಟಿನ ಬದಲು ಪ್ರೀತಿಯ ನಂಟಿಗೆ ನೋಟರಿ ಮೊಹರು ಕೇಳಿದ ಆ ದಿನಗಳಲ್ಲಿ, ಅದುವರೆಗೆ ಆಕ್ಷೇಪಕ್ಕೆ ಕಾರಣವಾಗಿದ್ದ ಸಂಬಂಧವೇ ಪ್ರವೇಶಕ್ಕೆ ಅರ್ಹತೆಯಾಯಿತು.

ನ್ಯಾಯಾಲಯಗಳತ್ತ ನೋಡಿ ಪ್ರಯೋಜನವಿಲ್ಲವೆಂಬುದು ಅಮೆರಿಕದ ಅನುಭವ. ಯುದ್ಧ ಮುಗಿದು ಸೈನಿಕರ ಪರದೇಶಿ ವಧುಗಳನ್ನು ಸ್ವಾಗತಿಸಲು 1945ರಲ್ಲಿ ಕಾನೂನೇ ಆಗಿತ್ತು. ಅದನ್ನು ನಂಬಿ 1948ರಲ್ಲಿ ನ್ಯೂಯಾರ್ಕಿಗೆ ಬಂದ ಮಾಜಿ ಸೈನಿಕನೊಬ್ಬನ ಹೆಂಡತಿ, ಜರ್ಮನ್ ಮೂಲದ ಎಲೆನ್ ನಾಫ್ ಎಂಬವಳನ್ನು ಕಾರಣ ಹೇಳದೆ, ವಿಚಾರಣೆಯಿಲ್ಲದೆ ಎಲ್ಲಿಸ್ ದ್ವೀಪದಲ್ಲಿ ತಡೆದರು. 1950ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರ ನಿಂತಿತು. ಪತ್ರಿಕೆಗಳ ಮತ್ತು ಕೆಲವು ಸಂಸದರ ಒತ್ತಾಯದಿಂದ ವಿಚಾರಣೆ ನಡೆದು, ಗುಪ್ತ ಆರೋಪಕ್ಕೆ ಗಟ್ಟಿ ಆಧಾರವಿಲ್ಲವೆಂದು ಗೊತ್ತಾಗಿ, 1951ರ ಕೊನೆಗೆ ಅವಳು ಗಂಡನ ದೇಶಕ್ಕೆ ಕಾಲಿಟ್ಟಳು. 2024ರ ಜೂನ್‌ನಲ್ಲಿ ಅದೇ ಕೋರ್ಟು, ಪರದೇಶಿ ಸಂಗಾತಿ ದೇಶದೊಳಗೆ ಬರಬೇಕೆನ್ನುವುದು ಪ್ರಜೆಯ ಮೂಲಭೂತ ಹಕ್ಕಲ್ಲವೆಂದು ಬಹುಮತದಿಂದ ಹೇಳಿತು. ವೀಸಾ ಅಧಿಕಾರಿಯ ತೀರ್ಮಾನವನ್ನು ನ್ಯಾಯಾಲಯ ಸಾಮಾನ್ಯವಾಗಿ ಮರುಪರಿಶೀಲಿಸುವುದಿಲ್ಲ. ಹಾಗಾಗಿ ಉಳಿಯುವ ದಾರಿ ಶಾಸನಸಭೆಯದು.

ಶಾಸನಸಭೆಗೆ ಇದು ಗೊತ್ತಿಲ್ಲದ ಕೆಲಸವಲ್ಲ. 1990ರ ಕಾಯ್ದೆಯಲ್ಲಿ ಕಾಂಗ್ರೆಸ್ 214(ಬಿ) ಶಂಕೆಯಿಂದ ಎಚ್-1ಬಿ ನೌಕರರನ್ನು ಹೊರಗಿಟ್ಟಿತು. ಕಂಪನಿಗಳು ಒಂದು ಶಾಖೆಯಿಂದ ಇನ್ನೊಂದಕ್ಕೆ ಕಳಿಸುವ ಎಲ್ ವೀಸಾದವರನ್ನೂ. ಬೆಂಗಳೂರಿನ ಸಾವಿರಾರು ಎಂಜಿನಿಯರುಗಳು ಗ್ರೀನ್ ಕಾರ್ಡಿನ ಅರ್ಜಿ ಹಾಕಿಕೊಂಡೇ ಹೋಗಿ ಬಂದು ಮಾಡುತ್ತಿರುವುದು ಈ ವಿನಾಯಿತಿಯಿಂದ. ಊರಲ್ಲಿ ನಿಮಗೇನಿದೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅವರ ಹೆಂಡತಿಯರು ಎಚ್-4 ವೀಸಾದಲ್ಲಿ ಜೊತೆಗೇ ಹೋಗುತ್ತಾರೆ. ಅದೇ ಎಂಜಿನಿಯರು ಕಾಯ್ದು ಕಾಯ್ದು ಗ್ರೀನ್ ಕಾರ್ಡ್ ಪಡೆದ ಮೇಲೆ ಮದುವೆಯಾದರೆ ಹೆಂಡತಿ ವಾರ್ಷಿಕ ಮಿತಿಯುಳ್ಳ ಸಾಲಿನಲ್ಲಿ ನಿಲ್ಲಬೇಕು. ಆ ಸಾಲು 2019ರ ಜುಲೈಯಿಂದ 2023ರ ಮಾರ್ಚ್‌ವರೆಗೆ ಖಾಲಿಯಿತ್ತು, ಆಮೇಲೆ ಮತ್ತೆ ವರ್ಷಗಟ್ಟಲೆ ಬೆಳೆಯಿತು. "ಕಾರ್ಡ್ ಬರುವ ಮೊದಲೇ ಮದುವೆ ಮುಗಿಸಿಕೋ" ಎಂದು ನಮ್ಮ ಮದುವೆ ದಲ್ಲಾಳಿಗಳೂ ಬುದ್ಧಿ ಹೇಳುವುದು ಇದಕ್ಕೇ. ನೆಲೆಯೂರಿದಷ್ಟೂ ಸಂಸಾರ ದೂರವಾಗುವ ಈ ಏರ್ಪಾಟನ್ನು ಯಾರೂ ಬೇಕೆಂದು ರೂಪಿಸಿದ್ದಲ್ಲ. ಕಂಪನಿಗಳ ಪರ ವಾದಿಸುವವರು ಇದ್ದರು, ಈ ಹೆಂಡತಿಯರ ಪರ ಇರಲಿಲ್ಲ.

ಒಮ್ಮೆ ಇದ್ದರು. 2000ದ ಡಿಸೆಂಬರ್ 21ರಂದು ಜಾರಿಗೆ ಬಂದ ಕಾನೂನು ಎರಡು ಹೊಸ ವೀಸಾಗಳನ್ನು ತಂದಿತು. ಪ್ರಜೆಗಳ ಸಂಗಾತಿಗೆಂದು ಮಾಡಿದ ಕೆ-3 ಇಂದು ಹೆಸರಿಗಷ್ಟೇ ಇದೆ, ಅದರ ಕಡತ ಸಾಗುವ ಮೊದಲೇ ಮೂಲ ಅರ್ಜಿ ಇತ್ಯರ್ಥವಾಗಿ ಅದು ಮುಚ್ಚಿಹೋಗುತ್ತದೆ. ಇನ್ನೊಂದು ವಿ ವೀಸಾ. ಗ್ರೀನ್ ಕಾರ್ಡ್ ಇದ್ದವರ ಹೆಂಡತಿ ಮಕ್ಕಳು ಮೂರು ವರ್ಷ ಕಾದಿದ್ದರೆ, ಉಳಿದ ಕಾಯುವಿಕೆಯನ್ನು ಅಮೆರಿಕದಲ್ಲೇ, ಮನೆಯವರ ಜೊತೆಗೇ, ಕೆಲಸ ಮಾಡುತ್ತಾ ಕಳೆಯಬಹುದಿತ್ತು. ಮರಳಿ ಹೋಗುತ್ತೇನೆಂಬ ಪುರಾವೆಯನ್ನು ಅದು ಕೇಳಲಿಲ್ಲ. 214(ಬಿ) ಕಲಮಿನ ವಿನಾಯಿತಿಗಳ ಪಟ್ಟಿಯಲ್ಲಿ ಎಲ್ ಮತ್ತು ಎಚ್-1ಬಿಗಳ ಜೊತೆಗೆ ವಿ ಅಕ್ಷರ ಈಗಲೂ ಅಚ್ಚಾಗಿದೆ. ಆದರೆ ಅರ್ಜಿ ಆ ಡಿಸೆಂಬರ್ 21ರ ಒಳಗೆ ಸಲ್ಲಿಕೆಯಾಗಿರಬೇಕೆಂದು ಕಾನೂನಿನಲ್ಲೇ ಬರೆದಿದ್ದರಿಂದ ಅದಕ್ಕೆ ಅರ್ಹರಾಗುವವರು ಇವತ್ತು ಹೆಚ್ಚುಕಡಿಮೆ ಯಾರೂ ಉಳಿದಿಲ್ಲ. ಅದನ್ನು ಮತ್ತೆ ಬಳಕೆಗೆ ತರಲು ಹೊಸ ಕಾಯ್ದೆ ಬರೆಯಬೇಕಾಗಿಲ್ಲ, ಆ ತಾರೀಕೊಂದನ್ನು ತಿದ್ದಿದರೆ ಸಾಕು.